ಮನೆಯ ಮುಂದಿನ ಮೂರು ಗಜ

ನನ್ನ ತಾಯಿಯವರಿಗೆ ಅವರ ತವರಿನಿಂದ ಬಂದ ಒಂದು ಖುಲ್ಲಾ ಜಾಗೆಯುಂಟು. ಅಗಲ ಮೂವತ್ತು ಅಡಿ, ಉದ್ದ ನಲವತ್ತು. ಅದು ನಾನು ನೆಲೆಸಿರುವ ಯಲಬುರ್ಗಾದಲ್ಲಿಲ್ಲ. ಬೇರೊಂದು ಸಣ್ಣ ಊರಿನಲ್ಲಿದೆ. ಊರಿನ ಹೆಸರು ಬೇಡ. ಯಾರನ್ನೂ ಕಟಕಟೆಯಲ್ಲಿ ನಿಲ್ಲಿಸುವ ಉದ್ದೇಶ ನನಗಿಲ್ಲ. ಮೇಲಾಗಿ, ಇಂಥದು ನಮ್ಮ ನಾಡಿನ ಯಾವ ಊರಿನಲ್ಲಾದರೂ ನಡೆಯಬಹುದಾದದ್ದೇ. ಕಳೆದ ಏಪ್ರಿಲ್ ತಿಂಗಳಲ್ಲಿ, ಆ ತಿಂಗಳೊಳಗೆ ಕರ ತುಂಬಿದವರಿಗೆ ನೂರಕ್ಕೆ ಐದರಷ್ಟು ರಿಯಾಯತಿ ದೊರೆಯುತ್ತದೆಂಬ ಆಸೆಯಿಂದ, ಉರಿಬಿಸಿಲಿನಲ್ಲಿ ಬಸ್ಸು ಹಿಡಿದು ಅಲ್ಲಿಗೆ ಹೋದೆ. ಕೈಗೆ ಬಂದ ಚೀಟಿಯಲ್ಲಿ ಜಾಗೆಯ ತೆರಿಗೆ 940 ರೂಪಾಯಿ ಎಂದಿತ್ತು. ಅದರ ಕೆಳಗೆ, ‘ಇತರೆ’ ಎಂಬ ಶೀರ್ಷಿಕೆಯ ಮುಂದೆ, 3,600 ರೂಪಾಯಿ ಎಂದಿತ್ತು.

“ಇದು ಯಾತರದು?” ಎಂದು ಕೇಳಿದೆ.

“ಅದು ಇತರೆರೀ ಸರ.”

“ಇತರೆ ಅಂದರೆ?”

“ಇತರೆ ಅಂದ್ರ ಇತರೆನರೀ. ಮ್ಯಾಲಿನ ಖಾನೆದಾಗ ಬರಲಾರದ್ದು.”

ಗುಮಾಸ್ತರು ನನ್ನನ್ನು ಹಾಸ್ಯ ಮಾಡುತ್ತಿರಲಿಲ್ಲ. ಅವರಿಗೂ ಅಷ್ಟೇ ಗೊತ್ತಿತ್ತು. ಪಕ್ಕದ ಮೇಜಿನಿಂದ ಹಿರಿಯರೊಬ್ಬರು ಕನ್ನಡಕವನ್ನು ಹಣೆಗೇರಿಸಿ ವಿವರಿಸಿದರು: “ಹೋದ ವರ್ಷ ಮಳಿ ಮುಗದ ಮ್ಯಾಲೆ ನಿಮ್ಮ ಜಾಗಾದ ಮುಂದ ಜಾಲಿ ತಗಿಸೀವ್ರೀ ಸರ. ಗಟಾರದ ಹೂಳೂ ತಗಿಸೀವಿ. ಜೆಸಿಬಿ ಬಂದಿತ್ತು. ಅದರ ಖರ್ಚದು. ತುಂಬಿಬಿಡ್ರಿ, ಸುಮ್ಮನ ಬಡ್ಡಿ ಬೆಳೀತದ.”

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಮೊದಲು ಚುಚ್ಚಿದ್ದು ಮೊತ್ತವಲ್ಲ, ಆ ಮಾತು. ‘ಇತರ’ ಎಂಬುದು ಶುದ್ಧ ಶಬ್ದ. ‘ಇತರೆ’ ಎಂಬುದು ಕಚೇರಿಗಳಲ್ಲಿ ಹುಟ್ಟಿ, ಕಚೇರಿಗಳಲ್ಲಿಯೇ ಬೆಳೆದು, ಈಗ ನನ್ನ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳವರೆಗೆ ಬಂದು ತಲಪಿದೆ. ಅದಕ್ಕೆ ನಾನು ಅರ್ಧ ಅಂಕ ಕಳೆಯುತ್ತ ಬಂದಿದ್ದೇನೆ. ಅಂದು ಅದು ನನ್ನಿಂದ 3,600 ರೂಪಾಯಿಗಳನ್ನು ಕಳೆಯಲು ಬಂದಿತ್ತು.

ಹಣ ತುಂಬದೆ ಹೊರಬಿದ್ದು ಜಾಗೆಯ ಕಡೆಗೆ ನಡೆದೆ. ಅಲ್ಲಿ ಕಂಡದ್ದನ್ನು ಮುಚ್ಚಿಡದೆ ಹೇಳಬೇಕು. ಮೂರು ವರ್ಷಗಳಿಂದ ನಾನು ಅತ್ತ ಸುಳಿದಿರಲಿಲ್ಲ. ಒಳಗೆಲ್ಲ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಖಂಡದ ಕಡೆಯಿಂದ ಬರಗಾಲದ ನಾಡಿಗೆ ಉರುವಲಾದೀತೆಂದು ಬಂದ ಈ ಗಿಡ ಎಂಥ ಬರವನ್ನಾದರೂ ಗೆದ್ದು ನಿಲ್ಲುತ್ತದೆ. ಕೊಂಬೆ ಕಡಿದರೆ ಬುಡದಿಂದ ನಾಲ್ಕು ಚಿಗುರೊಡೆಯುತ್ತದೆ; ಬೇರುಸಹಿತ ಕಿತ್ತಲ್ಲದೆ ಸಾಯುವುದಿಲ್ಲ. ನಮ್ಮ ಜಾಗೆಯ ಜಾಲಿ ಎಲ್ಲೆಯ ಕಲ್ಲುಗಳನ್ನು ದಾಟಿ, ಗಟಾರದ ಮೇಲೆ ಬಾಗಿ, ಜನ ನಡೆಯುವ ಮೂರು ಗಜದ ಪಟ್ಟಿಯನ್ನು ನುಂಗಿತ್ತೆಂದು ಓಣಿಯವರು ಹೇಳಿದರು. ಶಾಲೆಗೆ ಹೋಗುವ ಹುಡುಗನೊಬ್ಬನ ಕಾಲಿಗೆ ಮುಳ್ಳು ನೆಟ್ಟು ಕೀವಾಗಿತ್ತಂತೆ. ಅದನ್ನು ಕೇಳಿದಾಗ, ದಾರಿಯುದ್ದಕ್ಕೂ ಮನಸ್ಸಿನಲ್ಲಿ ರಚಿಸಿಕೊಂಡು ಬಂದಿದ್ದ ಅರ್ಜಿಯ ಅರ್ಧ ಭಾಗ ಅಲ್ಲಿಯೇ ಉದುರಿಹೋಯಿತು.

ಉಳಿದರ್ಧ ಉಳಿದದ್ದು ಎದುರುಮನೆಯ ಮುದುಕಿಯಿಂದ. ನನ್ನ ತಾಯಿಗಿಂತ ಹಿರಿಯ ಜೀವ. ಕಟ್ಟೆಯ ಮೇಲೆ ಕೂಡಿಸಿ ನೀರು ಕೊಟ್ಟು, ತಾನೂ 1,200 ರೂಪಾಯಿ ‘ಇತರೆ’ ತುಂಬಿ ಬಂದದ್ದನ್ನು ಹೇಳಿದಳು. ಮುಪ್ಪಿನ ಪಿಂಚಣಿಯ ದುಡ್ಡು. “ನಾ ದಿನಾ ನಸಿಕಿಲೆ ಎದ್ದು ಕಸಾ ಹೊಡೀತೀನೋ ತಮ್ಮಾ, ಥಳೀ ಹೊಡೀತೀನಿ. ನನ್ನ ಮನಿ ಮುಂದ ಒಂದು ಮುಳ್ಳಿಲ್ಲ. ನನಗ್ಯಾಕ ಹಾಕ್ಯಾರ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಅವಳು ಚೀಟಿಯನ್ನು ಓದಲಾರಳು. ಓದಬಲ್ಲ ನನಗೂ ಅದು ಏನನ್ನೂ ಹೇಳಿರಲಿಲ್ಲ.

ನಮ್ಮ ಸೀಮೆಯಲ್ಲಿ ಮನೆಯ ಮುಂದಿನ ನೆಲ ಯಾರದು ಎಂಬ ಪ್ರಶ್ನೆ ಹಿಂದೆ ಏಳುತ್ತಿರಲಿಲ್ಲ. ಕಾಗದದಲ್ಲಿ ಅದು ಊರಿನದು. ಆದರೆ ಬೆಳಗಿನ ಜಾವ ಕಸಬರಿಗೆ ಹಿಡಿದವಳ ಲೆಕ್ಕದಲ್ಲಿ ಅದು ಅವಳ ಅಂಗಳ. ಎದುರುಬದುರಿನ ಮನೆಗಳ ಹೆಂಗಸರು ತಂತಮ್ಮ ಬಾಗಿಲಿನಿಂದ ಗುಡಿಸುತ್ತ ಬಂದು ನಡುಬೀದಿಯಲ್ಲಿ ಸಂಧಿಸಿ, ನಾಲ್ಕು ಮಾತನಾಡಿ ಹಿಂದಿರುಗುತ್ತಿದ್ದರು. ಯಾವ ಕಾಯಿದೆಯೂ ಇದನ್ನು ವಿಧಿಸಿರಲಿಲ್ಲ. ಎರೆಯ ನೆಲದವರಾದ ನಮಗೆ ಮಳೆಗಾಲದಲ್ಲಿ ರಾಡಿಯನ್ನು ಬಾಗಿಲ ಮುಂದಿನಿಂದ ಬಳಿದು ಹಾಕುವುದು ಊಟ ನಿದ್ದೆಗಳಷ್ಟೇ ಸಹಜವಾದ ಕೆಲಸ. ಯಲಬುರ್ಗಾದ ಓಣಿಗಳಲ್ಲಿ ಇಂದಿಗೂ ಈ ರೂಢಿ ಪೂರ್ತಿ ಅಳಿದಿಲ್ಲ.

ಈ ರೂಢಿಯೇ ಕಾಯಿದೆಯಾಗಿ ನಿಂತಿರುವುದನ್ನು ಕಾಣಬೇಕಾದರೆ ಹಿಮ ಬೀಳುವ ದೇಶಗಳತ್ತ ನೋಡಬೇಕು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದ ಉತ್ತರ ಭಾಗದ ಶಹರವೊಂದರಲ್ಲಿ ಮನೆ ಮಾಡಿಕೊಂಡಿದ್ದಾನೆ. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಫೋನು ಮಾಡುವ ಪದ್ಧತಿ. ನನ್ನ ಜಾಲಿಯ ಕಥೆಯನ್ನು ಕೇಳಿ ಅವನು ನಕ್ಕುಬಿಟ್ಟ. “ಸರ, ನನಗೂ ಬಂದಿತ್ತು. ಜಾಲೀದಲ್ಲ, ಹಿಮದ್ದು” ಎಂದ.

ಅಲ್ಲಿನ ಕ್ರಮ ಹೀಗಿದೆ. ಮನೆಯ ಮುಂದಿನ ಕಾಲುದಾರಿ ಸಾರ್ವಜನಿಕರದು. ಆದರೆ ಅದರ ಮೇಲೆ ಬಿದ್ದ ಹಿಮವನ್ನು ತೆಗೆಯುವ ಹೊಣೆ ಮನೆಯವನದು. ಮಿನಿಯಾಪೊಲಿಸ್ ನಗರದಲ್ಲಿ ಹಿಮ ಬೀಳುವುದು ನಿಂತ 24 ಗಂಟೆಗಳೊಳಗೆ ಒಂಟಿಮನೆಗಳವರೂ ಜೋಡಿಮನೆಗಳವರೂ, ಹಗಲಿನ 4 ಗಂಟೆಗಳೊಳಗೆ ಉಳಿದ ಕಟ್ಟಡಗಳವರೂ ಕಾಲುದಾರಿಯನ್ನು ಬಯಲು ಮಾಡಬೇಕು. ಮಾಡದಿದ್ದರೆ ನಗರಾಡಳಿತ ಮೊದಲು ಎಚ್ಚರಿಕೆಯ ಪತ್ರ ಕೊಡುತ್ತದೆ. ಮತ್ತೊಮ್ಮೆ ಬಂದು ನೋಡುತ್ತದೆ. ಆಗಲೂ ಹಿಮ ಇದ್ದಲ್ಲಿಯೇ ಇದ್ದರೆ ತನ್ನ ಆಳುಗಳಿಂದ ತೆಗೆಸಿ ಖರ್ಚಿನ ಪಟ್ಟಿಯನ್ನು ಮನೆಯವನಿಗೆ ಕಳಿಸುತ್ತದೆ. ನ್ಯೂಯಾರ್ಕಿನಲ್ಲಿ ಹಗಲು ಹೊತ್ತು ನಿಂತ ಹಿಮಕ್ಕೆ ನಾಲ್ಕೇ ಗಂಟೆಯ ಗಡುವು. ಹಿಮದ ಮೇಲೆ ಜಾರಿ ಬಿದ್ದ ಮುದುಕರ ಸೊಂಟ ಮುರಿಯುತ್ತದೆ. ಗಾಲಿಕುರ್ಚಿಯವರು ಮನೆಯಲ್ಲಿಯೇ ಸೆರೆಯಾಗುತ್ತಾರೆ. ಆದ್ದರಿಂದ ಈ ಗಡುವುಗಳು ಕಠಿಣವೆನಿಸಿದರೂ ಕ್ರೂರವಲ್ಲ. ಕೆನಡಾದ ಟೊರಾಂಟೊ ನಗರ 2021ರಲ್ಲಿ ಬೇರೆ ದಾರಿ ಹಿಡಿಯಿತು. ಎಲ್ಲ ಕಡೆಯ ಕಾಲುದಾರಿಗಳ ಹಿಮವನ್ನೂ ತಾನೇ ಯಂತ್ರಗಳಿಂದ ತೆಗೆಸುವುದೆಂದು ನಿರ್ಧರಿಸಿತು. ನಾಗರಿಕರ ಹೊಣೆ ಎಲ್ಲಿ ಮುಗಿಯುತ್ತದೆ, ನಗರದ ಹೊಣೆ ಎಲ್ಲಿ ತೊಡಗುತ್ತದೆ ಎಂಬುದು ಅಲ್ಲಿಯೂ ತೀರ್ಮಾನವಾಗದ ಮಾತೇ ಎಂದಾಯಿತು.

ನನ್ನ ವಿದ್ಯಾರ್ಥಿಗೆ ಪಟ್ಟಿ ಬಂದಾಗ ಅವನು ಮಾಡಿದ್ದು ಇಷ್ಟೆ: ಸಾಕ್ಷ್ಯ ಕೇಳಿದ. ಅವರು ತೆಗೆದಿದ್ದ ಛಾಯಾಚಿತ್ರವನ್ನು ಕಳಿಸಿದರು. ಹಿಮದ ರಾಶಿಯ ಹಿಂದೆ ಕಾಣುವ ಬಾಗಿಲಿನ ಮೇಲಿದ್ದದ್ದು ನೆರೆಮನೆಯ ಸಂಖ್ಯೆ. ಪಟ್ಟಿ ರದ್ದಾಯಿತು. “ಯಾರೂ ಸಿಟ್ಟಾಗಲಿಲ್ಲರೀ ಸರ” ಎಂದ. ಈ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ನಮ್ಮಲ್ಲಿ ಲೆಕ್ಕ ಕೇಳಿದವನನ್ನು ಜಗಳಗಂಟನೆಂದು ಬಗೆಯುತ್ತಾರೆ. ಕೇಳುವವನೂ ಜಗಳಕ್ಕೆ ಸಿದ್ಧನಾಗಿಯೇ ಹೋಗುತ್ತಾನೆ. ನಾನೂ ಮೊದಲ ದಿನ ಹಾಗೆಯೇ ಹೋಗಿದ್ದೆ.

ಲೆಕ್ಕ ಕೇಳುವುದು ಪರದೇಶದಿಂದ ಕಲಿತು ಬರಬೇಕಾದ ವಿದ್ಯೆಯೇನೂ ಅಲ್ಲ. ಯಲಬುರ್ಗಾ ಹನ್ನೆರಡನೆಯ ಶತಮಾನದಲ್ಲಿ ಸಿಂದರ ರಾಜಧಾನಿ. ಶಾಸನಗಳಲ್ಲಿ ಇದರ ಹೆಸರು ಎರಂಬರಗೆ. ಇಲ್ಲಿಗೆ ಹತ್ತಿರದ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಎತ್ತಿಸಿದ ಗುಡಿಯನ್ನು ‘ದೇವಾಲಯ ಚಕ್ರವರ್ತಿ’ ಎಂದು ಶಾಸನ ಹೊಗಳಿದೆ. ಆ ಕಾಲದ ಕನ್ನಡ ಶಾಸನಗಳನ್ನು ಓದುವವರು ಸಾಮಾನ್ಯವಾಗಿ ಪ್ರಶಸ್ತಿಯ ಭಾಗವನ್ನು ಸವಿದು, ಸುಂಕಗಳ ಪಟ್ಟಿ ಬಂದೊಡನೆ ಪುಟ ತಿರುವುತ್ತಾರೆ. ನನಗೋ ಈಚೆಗೆ ಆ ಪಟ್ಟಿಗಳೇ ಹೆಚ್ಚು ರುಚಿಸುತ್ತಿವೆ. ಮನೆದೆರೆ, ಗಾಣದೆರೆ, ಮಗ್ಗದೆರೆ, ಪೆರ್ಜುಂಕ, ವಡ್ಡರಾವುಳ! ಒಂದೊಂದಕ್ಕೂ ಒಂದೊಂದು ಹೆಸರು. ಯಾವ ಸುಂಕವನ್ನು ಯಾರು ಬಿಟ್ಟುಕೊಟ್ಟರು, ಅದರ ಹುಟ್ಟುವಳಿ ನಂದಾದೀವಿಗೆಗೋ, ಓದುವ ಮಾಣಿಗಳ ಊಟಕ್ಕೋ, ಗುಡಿಯ ಜೀರ್ಣೋದ್ಧಾರಕ್ಕೋ ಎಂಬುದನ್ನು ಕಲ್ಲಿನ ಮೇಲೆ ಕೊರೆದು ನಾಲ್ಕು ಜನ ಓಡಾಡುವಲ್ಲಿ ನಿಲ್ಲಿಸುತ್ತಿದ್ದರು. ಕೆರೆಯ ಮೇಲ್ವಿಚಾರಣೆಗೆಂದು ಬಿಟ್ಟದ್ದಕ್ಕೆ ‘ಬಿತ್ತುವಟ್ಟ’ ಎಂಬ ಬೇರೆಯೇ ಹೆಸರಿತ್ತು. ಅದು ಸುವರ್ಣಯುಗವೆಂದು ನಾನು ಹೇಳುತ್ತಿಲ್ಲ. ಬಿಟ್ಟಿ ದುಡಿಮೆಯ ಕಾಲವೂ ಅದೇ. ಆದರೆ ನಾನು ಓದಿದ ಯಾವ ಕಲ್ಲಿನ ಮೇಲೂ ‘ಇತರೆ’ ಎಂದು ಕೊರೆದದ್ದನ್ನು ಕಾಣಲಿಲ್ಲ.

ತೆರಿಗೆ ಎಂಬ ನಮ್ಮ ಮಾತು ‘ತೆರು’ ಎಂಬ ಧಾತುವಿನಿಂದ ಬಂದದ್ದು. ಕೊಡಬೇಕಾದ್ದನ್ನು ಕೊಡುವುದು ಎಂದರ್ಥ. ಶುಲ್ಕವೆಂಬುದು ಬೇರೆ, ದಂಡವೆಂಬುದು ಇನ್ನೂ ಬೇರೆ. ಇದು ಬರಿಯ ನಿಘಂಟಿನ ಭೇದವಲ್ಲ. ನ್ಯಾಯಾಲಯಗಳು ಇದನ್ನು ತೂಗಿ ನೋಡಿವೆ, ಅದೂ ಉಡುಪಿಯ ಶಿರೂರು ಮಠದ ಸ್ವಾಮಿಗಳು ಹೂಡಿದ ವ್ಯಾಜ್ಯದಲ್ಲಿ. ಮದರಾಸು ಸರಕಾರ 1951ರ ಕಾಯಿದೆಯ ಮೂಲಕ ಧಾರ್ಮಿಕ ಸಂಸ್ಥೆಗಳಿಂದ ವಂತಿಗೆ ವಸೂಲು ಮಾಡಹೊರಟಾಗ ಅದು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 1954ರ ತೀರ್ಪು ಹೇಳಿದ್ದರ ಸಾರ ಇದು: ತೆರಿಗೆ ಎಲ್ಲರ ಹಿತಕ್ಕಾಗಿ ಎಲ್ಲರಿಂದ ಎತ್ತುವಂಥದು, ಅದಕ್ಕೆ ಪ್ರತಿಯಾಗಿ ಇಂಥದೇ ಸೇವೆ ದೊರೆಯಬೇಕೆಂದು ಕೇಳುವಂತಿಲ್ಲ, ಶುಲ್ಕವಾದರೋ ಕೊಟ್ಟವನಿಗೆ ದೊರೆತ ವಿಶೇಷ ಸೇವೆಗೆ ಪ್ರತಿಯಾಗಿ ಕೊಡುವಂಥದು. ಆ ವಂತಿಗೆ ಹೆಸರಿಗೆ ಶುಲ್ಕವಾದರೂ ಸ್ವರೂಪದಲ್ಲಿ ತೆರಿಗೆಯೇ ಎಂದು ನ್ಯಾಯಾಲಯ ನಿರ್ಣಯಿಸಿತು. ಮುಂದಿನ ತೀರ್ಪುಗಳಲ್ಲಿ ಈ ಕಟ್ಟು ಕೊಂಚ ಸಡಿಲವಾಯಿತು. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಕಾಸಿಗೆ ಕಾಸು ಸರಿಹೊಂದಬೇಕಿಲ್ಲವೆಂದಾಯಿತು. ಆದರೂ ಸಂಬಂಧವೇ ಇಲ್ಲದೆ ಶುಲ್ಕವೆನ್ನುವಂತಿಲ್ಲ. ಕಾಯಿದೆಯ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಲಾಗದು, ವಸೂಲು ಮಾಡಲಾಗದು ಎಂದು ಸಂವಿಧಾನದ 265ನೆಯ ವಿಧಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದೆ. ಅಷ್ಟು ಚಿಕ್ಕದಾಗಿ ಬರೆಯುವ ವಿದ್ಯೆ ನಮ್ಮಂಥ ಉಪನ್ಯಾಸಕರಿಗೆ ಒಲಿಯಲಿಲ್ಲ.

ಹಾಗಾದರೆ ನನ್ನ 3,600 ರೂಪಾಯಿ ಯಾವುದು? ತೆರಿಗೆಯೋ, ಶುಲ್ಕವೋ, ದಂಡವೋ? ದಂಡವಾಗಿದ್ದರೆ ನನ್ನ ತಪ್ಪೇನೆಂದು ಮೊದಲು ತಿಳಿಸಿ ನನ್ನ ಮಾತನ್ನು ಕೇಳಬೇಕಿತ್ತು. ಕೆಲಸದ ಖರ್ಚಾಗಿದ್ದರೆ, ಇಷ್ಟು ದಿನಗಳಲ್ಲಿ ನೀವೇ ತೆಗೆಸಿರಿ, ಇಲ್ಲವಾದರೆ ನಾವು ತೆಗೆಸಿ ವೆಚ್ಚವನ್ನು ನಿಮ್ಮಿಂದ ಪಡೆಯುತ್ತೇವೆ ಎಂಬ ನೋಟೀಸು ಬರಬೇಕಿತ್ತು. ಬರಲಿಲ್ಲ. ಜಗುಲಿಯ ಮೇಲೆ ಕುಳಿತು ಇಷ್ಟನ್ನೆಲ್ಲ ಯೋಚಿಸಿದ ಮೇಲೆ ಒಂದೂವರೆ ಪುಟದ ಆಕ್ಷೇಪಣೆಯನ್ನೂ, ಜೊತೆಗೆ ಮಾಹಿತಿ ಹಕ್ಕಿನ 2005ರ ಕಾಯಿದೆಯಡಿ ಹತ್ತು ರೂಪಾಯಿಯ ಶುಲ್ಕವಿಟ್ಟು ಒಂದು ಅರ್ಜಿಯನ್ನೂ ಬರೆದೆ. ಅಂದು ಯಾವ ಕೆಲಸ ನಡೆಯಿತು, ಒಟ್ಟು ಖರ್ಚೆಷ್ಟು, ಅದನ್ನು ಯಾವ ಆಧಾರದ ಮೇಲೆ ಹಂಚಿದಿರಿ ಎಂದು ಕೇಳಿದೆ. ಹತ್ತು ರೂಪಾಯಿಗೆ ಮೂರು ಪ್ರಶ್ನೆ. ಇದು ಮಾತ್ರ ನಿಜವಾದ ಶುಲ್ಕವೆಂದು ನನಗೆ ತೋರುತ್ತದೆ, ಏಕೆಂದರೆ ಸೇವೆ ದೊರೆಯಿತು.

ಮೂವತ್ತು ದಿನಗಳ ಗಡುವಿಗೆ ಎರಡು ದಿನ ಮೊದಲೇ ಉತ್ತರ ಬಂದಿತು. ಅದರಲ್ಲಿ ಯಾವ ಕಪಟವೂ ಇರಲಿಲ್ಲವೆಂಬುದನ್ನು ಸಂತೋಷದಿಂದ ಹೇಳುತ್ತೇನೆ. ಆ ಓಣಿಯಲ್ಲಿ 12 ಖುಲ್ಲಾ ಜಾಗೆಗಳು, 21 ಮನೆಗಳು. ಜಾಲಿ ತೆಗೆಸಿದ್ದಕ್ಕೆ 28,800 ರೂಪಾಯಿ. ಗಟಾರದ ಹೂಳೆತ್ತಿ ಸಾಗಿಸಿದ್ದಕ್ಕೆ 39,600. ಮೊದಲನೆಯದನ್ನು ಖುಲ್ಲಾ ಜಾಗೆಗಳಿಗೆ 2,400ರಂತೆ, ಎರಡನೆಯದನ್ನು ಮೂವತ್ತಮೂರು ಆಸ್ತಿಗಳಿಗೆ 1,200ರಂತೆ ಸಮನಾಗಿ ಹಂಚಿದ್ದರು. ಲೆಕ್ಕ ಕಾಸಿಗೆ ಕಾಸು ಸರಿಯಾಗಿತ್ತು. ತಪ್ಪಿದ್ದದ್ದು ಲೆಕ್ಕದಲ್ಲಲ್ಲ, ಅದರ ನ್ಯಾಯದಲ್ಲಿ. ಊರ ಗಟಾರವನ್ನು ಹಸನಾಗಿಡುವುದು ಸ್ಥಳೀಯ ಸಂಸ್ಥೆಯ ಸಾಮಾನ್ಯ ಕರ್ತವ್ಯ. ಜನ ವರ್ಷವರ್ಷ ತುಂಬುವ ತೆರಿಗೆ ಇರುವುದು ಅಂಥದಕ್ಕಾಗಿ. ಅದನ್ನೇ ಮತ್ತೆ ಬಿಡಿಯಾಗಿ ಮನೆಮನೆಗೆ ಮಾರುವುದೆಂದರೆ ಒಂದೇ ಕೊಡ ನೀರಿಗೆ ಎರಡು ಸಲ ದುಡ್ಡು ಕೇಳಿದಂತೆ. ಮುದುಕಿಯ 1,200 ರೂಪಾಯಿಯ ಗುಟ್ಟು ಅಂದು ಬಯಲಾಯಿತು.

ಎದುರು ಪಕ್ಷದ ಮಾತನ್ನೂ ಕೇಳಬೇಕು. ಮುಖ್ಯಾಧಿಕಾರಿಗಳು ನನ್ನನ್ನು ಕೂಡಿಸಿ ಚಹ ತರಿಸಿ ಹೇಳಿದ್ದು ಕೇವಲ ಸಮಜಾಯಿಷಿಯಾಗಿರಲಿಲ್ಲ. ಸಣ್ಣ ಊರಿನ ಹುಟ್ಟುವಳಿ ಸಣ್ಣದು; ಕೈಗಳು ಕಡಿಮೆ. ಖುಲ್ಲಾ ಜಾಗೆಗಳ ಒಡೆಯರಲ್ಲಿ ಬಹುಪಾಲು ಜನ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವವರು. ಜಾಗೆಯ ಬೆಲೆ ಬೆಳೆಯಲೆಂದು ಕಾಯುವವರು ಅದರೊಡನೆ ಜಾಲಿಯನ್ನೂ ಬೆಳೆಸುತ್ತಾರೆ. ಅದರ ಮರೆಯಲ್ಲಿ ಓಣಿಯವರು ಕಸ ಸುರಿಯುತ್ತಾರೆ. ಕಸ ಗಟಾರಕ್ಕೆ ಇಳಿಯುತ್ತದೆ. ಹೂಳು ಹೊರುವವನು ಬೇರೆ ಯಾವನೋ. ಘನತ್ಯಾಜ್ಯದ 2016ರ ನಿಯಮಗಳು ಕಸ ಮಾಡುವವನೇ ಅದನ್ನು ಬೇರ್ಪಡಿಸಿಕೊಡಬೇಕು, ಸೇವಾಶುಲ್ಕವನ್ನೂ ಕೊಡಬೇಕು ಎಂದವು. ಬೆಂಗಳೂರಿನಲ್ಲಿ 2025ರ ಏಪ್ರಿಲಿನಿಂದ ಅಂಥ ಶುಲ್ಕವನ್ನು ಆಸ್ತಿತೆರಿಗೆಯೊಡನೆ ಕೂಡಿಸತೊಡಗಿದಾಗ ದೊಡ್ಡ ಗುಲ್ಲೆದ್ದಿತು. ಆದರೆ ಅಲ್ಲಿ ಕಟ್ಟಡದ ಅಳತೆಗೆ ತಕ್ಕಂತೆ ಇಷ್ಟಿಷ್ಟೆಂದು ದರ ಗೊತ್ತುಪಡಿಸಿ ಪ್ರಕಟಿಸಿದ್ದರು. ಒಪ್ಪದವರಿಗೂ ತಾವು ಒಪ್ಪದೆ ಇರುವುದು ಏನನ್ನು ಎಂಬುದಾದರೂ ತಿಳಿದಿತ್ತು. “ನೋಟೀಸು ಕೊಡೂದಾದ್ರ ವಿಳಾಸ ಎಲ್ಲಿಂದ ತರೂಣ್ರೀ ಸರ?” ಎಂದು ಅಧಿಕಾರಿಗಳು ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನ ತಾಯಿಯವರ ಖಾತೆಯಲ್ಲಿದ್ದ ವಿಳಾಸ ಅವರ ತವರುಮನೆಯದು. ಆ ಮನೆ ಬಿದ್ದುಹೋಗಿ ಇಪ್ಪತ್ತು ವರ್ಷಗಳಾಗಿವೆ. ಅದನ್ನು ತಿದ್ದಿಸಬೇಕಾದವನು ನಾನು.

ನೋಟೀಸು ಬಾರದ್ದರಿಂದ ಇಡೀ 3,600 ರೂಪಾಯಿಗಳನ್ನೂ ನಿರಾಕರಿಸಬಹುದು ಎಂದು ಸ್ನೇಹಿತರಾದ ವಕೀಲರೊಬ್ಬರು ಹುರಿದುಂಬಿಸಿದರು. ಕಾಯಿದೆಯ ದೃಷ್ಟಿಯಿಂದ ಅವರ ಮಾತು ಸರಿಯಿದ್ದೀತು. ಆದರೆ ಜಾಲಿಯ ಬೇರು ನಮ್ಮ ನೆಲದಲ್ಲಿತ್ತು. ಮುಳ್ಳು ನೆಟ್ಟದ್ದು ಹುಡುಗನ ಕಾಲಿಗೆ. 2,400 ರೂಪಾಯಿಗಳನ್ನು ತುಂಬಿ, ‘ಜಾಲಿ ತೆರವಿನ ವೆಚ್ಚ’ ಎಂದು ರಸೀದಿಯಲ್ಲಿ ಬರೆಯಿಸಿಕೊಂಡೆ. ಗುಮಾಸ್ತರು ಎರಡು ಸಲ ‘ಇತರೆ’ ಎಂದೇ ಬರೆದು ಮೂರನೆಯ ಸಲ ತಿದ್ದಿಕೊಟ್ಟರು. ಗಟಾರದ 1,200 ರೂಪಾಯಿಗಳನ್ನು ಮಾತ್ರ ಕೊಡುವುದಿಲ್ಲವೆಂದೆ. ಆರು ವಾರಗಳ ಮೇಲೆ ಅದನ್ನು ಕೈಬಿಟ್ಟಿರುವುದಾಗಿ ಪತ್ರ ಬಂದಿತು.

ಕೈಬಿಟ್ಟದ್ದು ನನ್ನೊಬ್ಬನದನ್ನು! ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಅದೇ ಗಟಾರ, ಅದೇ ಹೂಳು, ಅದೇ 1,200 ರೂಪಾಯಿ. ಆದರೆ ಅರ್ಜಿ ಬರೆಯಬಲ್ಲವನಿಗೆ ಮಾಫಿ, ಬರೆಯಲಾರದವಳಿಗೆ ಇಲ್ಲ. ಮುದುಕಿ ಹಣ ತುಂಬಿಯಾಗಿದೆ, ಆಕ್ಷೇಪಣೆ ಬಂದಿಲ್ಲ, ಆದ್ದರಿಂದ ಪ್ರಶ್ನೆಯೇ ಉದ್ಭವಿಸುವುದಿಲ್ಲ ಎಂಬುದು ಕಚೇರಿಯ ತರ್ಕ. ಆ ಹಣ ಇಡೀ ಓಣಿಯ ಮೇಲೆ ಬೀಳಬಾರದ್ದಾಗಿದ್ದರೆ, ಮೂವತ್ತಮೂರು ಆಸ್ತಿಗಳಿಂದಲೂ ಬಿಡಬೇಕು. ಬೀಳಬೇಕಾದ್ದೇ ಆಗಿದ್ದರೆ ನನಗೂ ಬಿಡಬಾರದು. ಕೇಳಿದವನ ಬಾಯಿ ಮುಚ್ಚಿಸಲು ಕೊಟ್ಟ ವಿನಾಯಿತಿಯನ್ನು ನ್ಯಾಯವೆಂದು ನಾನು ಹೇಗೆ ಒಪ್ಪಲಿ?

ಮುಂದಿನ ಭಾನುವಾರ ಮತ್ತೆ ಅಲ್ಲಿಗೆ ಹೋಗಿ ಮುದುಕಿಯ ಕಟ್ಟೆಯ ಮೇಲೆ ಕುಳಿತು ಅವಳ ಹೆಸರಿನಲ್ಲಿ ಅರ್ಜಿ ಬರೆದೆ. ಸುದ್ದಿ ತಿಳಿದು ಒಬ್ಬೊಬ್ಬರಾಗಿ ತಂತಮ್ಮ ಚೀಟಿ ಹಿಡಿದು ಬಂದರು. ಕೆಲವರಿಗೆ ತಾವು ಏನನ್ನೋ ತುಂಬಿದ್ದೇವೆಂಬುದೇ ಮರೆತುಹೋಗಿತ್ತು. ಒಬ್ಬರು, “ಹೋಗ್ಲಿ ಬಿಡ್ರಿ ಮಾಸ್ತರ, ಯಾಕ ವೈರತ್ವ?” ಎಂದು ಚೀಟಿಯನ್ನು ಮಡಿಸಿ ಕಿಸೆಗಿಟ್ಟುಕೊಂಡು ಹೋದರು. ಸಂಜೆಯ ಹೊತ್ತಿಗೆ ಹತ್ತೊಂಬತ್ತು ಅರ್ಜಿಗಳಾದವು. ಮುದುಕಿಯ ಹಣವನ್ನು ಮುಂದಿನ ವರ್ಷದ ತೆರಿಗೆಗೆ ಜಮಾ ಹಿಡಿಯುವುದಾಗಿ ಈಗ ತಿಳಿಸಿದ್ದಾರೆ. ಉಳಿದ ಹದಿನೆಂಟು ಅರ್ಜಿಗಳು ‘ಪರಿಶೀಲನೆಯಲ್ಲಿವೆ’. ಖಾತೆಯ ವಿಳಾಸವನ್ನು ತಿದ್ದಿಸಿದ್ದೇನೆ.

ಜೂನಿನ ಮೊದಲ ಮಳೆಗೆ ಜಾಲಿ ಮತ್ತೆ ಚಿಗುರಿದೆಯೆಂದು ಮುದುಕಿ ಯಾರಿಂದಲೋ ಫೋನು ಮಾಡಿಸಿ ಹೇಳಿಸಿದಳು. ಯಂತ್ರ ಬುಡದ ಮೇಲಷ್ಟೇ ಸವರಿಕೊಂಡು ಹೋಗಿತ್ತು. ಒಬ್ಬ ಆಳನ್ನು ಕರೆದುಕೊಂಡು, ಗುದ್ದಲಿ ಹಾರೆಗಳೊಡನೆ ಹೋಗಿ ಎರಡು ದಿನ ಅಗೆಸಿದೆ. ಹಸಿ ಎರೆಯೊಳಗಿಂದ ಒಂದೊಂದು ಬೇರೂ ತೋಳಿನಷ್ಟು ದಪ್ಪಗೆ ಹೊರಬಂದಿತು. ಉರುವಲಿಗಾದೀತೆಂದು ಮುದುಕಿ ಅವನ್ನೆಲ್ಲ ತನ್ನ ಹಿತ್ತಿಲಿಗೆ ಹೊರಿಸಿಕೊಂಡಳು.